ನೋವಿಲ್ಲದವರ ಡಾಕ್ಟರ್‌ಬಾಯಿ

ಅವರು ತೀರಿಕೊಂಡ ಮೇಲೆ ಎಲ್ಲರೂ ಸೇರಿ ಅವರನ್ನು ದೇವರು ಮಾಡಿಬಿಟ್ಟಿದ್ದಾರೆ. ನನ್ನ ತಕರಾರು ಇಲ್ಲಿಂದಲೇ ಶುರು. ಸಂತಾಪ ಸಭೆಯಲ್ಲಿ ಮೈಕು ಹಿಡಿದವರೆಲ್ಲ ಶಾಂತಮೂರ್ತಿ ಎಂದರು, ಮೃದುಭಾಷಿ ಎಂದರು. ಒಬ್ಬರಂತೂ ‘ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದುಬಿಟ್ಟರು. ಪಕ್ಕದಲ್ಲಿದ್ದ ನನ್ನ ಸೋದರಮಾವ ನನ್ನತ್ತ ಬಗ್ಗಿ, “ಇವರು ಬ್ಯಾರೆ ಯಾರದೋ ಸಭಾಕ್ಕ ಬಂದಾರೇನ ನೋಡವಾ” ಎಂದ.

ನಾವು ಬಲ್ಲ ಡಾಕ್ಟರ್‌ಬಾಯಿ, ನಮ್ಮ ಮಾತಿನಲ್ಲಿ ಬರೀ ‘ಬಾಯಿ’, ಜಗಳಗಂಟಿ. ಔಷಧ ಕಂಪನಿಯ ಹುಡುಗರನ್ನು ಬಾಗಿಲ ತನಕ ಬೈದುಕೊಂಡೇ ಕಳಿಸಿ ಬರುತ್ತಿದ್ದರು. ರೋಗಿ ಮಾತಾಡುತ್ತಿದ್ದರೆ ಕಣ್ಣು ಮುಚ್ಚಿ ಕೂಡುತ್ತಿದ್ದರು; ನಿದ್ದೆ ಹೋದರೆಂದು ಅವನು ಮಾತು ನಿಲ್ಲಿಸಿದರೆ, “ಯಾಕ, ಮುಗೀತೇನು? ಸುಳ್ಳು ಹೇಳೋದು ಇನ್ನೂ ಉಳಿದಿರಬೇಕಲ್ಲ?” ಎಂದು ಒಂದು ಕಣ್ಣು ತೆರೆಯುತ್ತಿದ್ದರು. ಇಳಕಲ್ ಸೀರೆ, ಅದರ ಕೆಳಗೆ ಓಟಗಾರರ ಬೂಟು, ಮೇಜಿನ ಮೇಲೆ ಹುರಿದ ಶೇಂಗಾದ ಡಬ್ಬಿ. ಡಬ್ಬಿಯನ್ನು ರೋಗಿಗಳ ಮುಂದೆಯೂ ಸರಿಸುತ್ತಿದ್ದರು. ಔಷಧ ಕಂಪನಿಯವರಿಗೆ ಮಾತ್ರ ಇಲ್ಲ.

ಕಲಬುರಗಿ ಕಡೆಯವರು. ಎಲುಬಿನ ಡಾಕ್ಟರಿಕೆ ಕಲಿತು, ಈ ಮರಾಠಿ ಊರಿಗೆ ಬಂದು, ಹಗಲು ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ, ಸಂಜೆ ಮಾರ್ಕೆಟ್ ಯಾರ್ಡ್ ಹಿಂದಿನ ಓಣಿಯ ಒಂದು ಕೋಣೆಯಲ್ಲಿ ಕೂಡುತ್ತಿದ್ದರು. ಹೆಂಗಸು ಎಲುಬಿನ ಡಾಕ್ಟರ್ ಎಂದರೆ ಮೊದಮೊದಲು ಹಮಾಲರು ನಗುತ್ತಿದ್ದರಂತೆ, ಮುರಿದ ಕಾಲು ಎಳೆದು ಕೂಡಿಸಲು ಈ ಬಾಯಿಗೆ ತಾಕತ್ತು ಎಲ್ಲಿಂದ ಬರಬೇಕು ಎಂದು. ತಾಕತ್ತು ಎಲ್ಲಿಂದ ಬರುತ್ತಿತ್ತೆಂದು ಅವರೇ ಆಮೇಲೆ ಅರಚಿ ಸಾಕ್ಷಿ ಹೇಳಿದ್ದಾರೆ. ಆದರೆ ನಾನು ಕಾಣುವ ಹೊತ್ತಿಗೆ ಅವರು ದೊಡ್ಡ ಆಪರೇಶನ್‌ಗಳನ್ನು ಕಿರಿಯರಿಗೆ ಬಿಟ್ಟುಕೊಟ್ಟು, ಬೇರೊಂದು ಹಟ ಹಿಡಿದಿದ್ದರು. “ಇಷ್ಟು ವರ್ಷ ಗ್ವಾಡಿ ಬಿದ್ದ ಮ್ಯಾಲ ಹೋಗೋ ಗೌಂಡಿ ಆಗಿದ್ನಿ. ಸವೆದ ಕೀಲು ತೆಗೆಯೋದು, ಲೋಹದ ಕೀಲು ಹಾಕೋದು. ಬೀಳೋಕಿಂತ ಮೊದಲು ಒಮ್ಮೆ ಹೋಗಿ ನೋಡಬಾರದೇನು?”

ಆ ಹಟದ ಹೆಸರಿನಲ್ಲೇ ಅವರಿಗೂ ನನಗೂ ಗಂಟು ಬಿದ್ದದ್ದು.

ಮಾಮನದು ಯಾರ್ಡಿನಲ್ಲಿ ಬೆಲ್ಲದ ದಲಾಲಿ ಅಂಗಡಿ. ವಿಜಯಪುರದಿಂದ ಅಜ್ಜನ ಕಾಲಕ್ಕೇ ಬಂದವರು. ಅಲ್ಲಿ ಯಜಮಾನನಾದವನು ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕು. ದರದ ಸೌದಾವೂ ಅಲ್ಲೇ, ಚಹಾವೂ ಅಲ್ಲೇ, ಮದುವೆ ಮಾತುಕತೆಯೂ ಅಲ್ಲೇ. ಗಾದಿ ಬಿಟ್ಟು ಕುರ್ಚಿ ಹಾಕಿಕೊಂಡವನೆಂದರೆ ಧಂದೆ ಮುಗಿಸಿದವನು, ಇಲ್ಲವೆ ಮುಗಿಯುತ್ತಿರುವವನು ಎಂದು ಯಾರ್ಡಿನ ಲೆಕ್ಕ. ಈ ಮಾಮನಿಗೆ ಮೈತುಂಬ ಗುಳ್ಳೆ ಏಳುವ ಒಂದು ಕೆಟ್ಟ ಚರ್ಮರೋಗ ಬಂತು. ಹಾಸಿಗೆಯ ಹೊದಿಕೆ ಮೈಗೆ ಅಂಟಿ ಬರುತ್ತಿತ್ತು. ಸ್ಟೀರಾಯ್ಡ್ ಗುಳಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ, ಬಹಳ ತಿಂಗಳು ನುಂಗಿ ಬದುಕಿ ಬಂದ. ಮುಖ ಪೂರಿಯ ಹಾಗೆ ಉಬ್ಬಿ, ಮತ್ತೆ ಇಳಿದು, ಗಾದಿಗೆ ವಾಪಸಾಗಿದ್ದ. ಆಗ ಚರ್ಮದ ಡಾಕ್ಟರು, ಒಮ್ಮೆ ಎಲುಬಿನವರಿಗೂ ತೋರಿಸಿಬಿಡಿ ಎಂದು ಈ ಬಾಯಿಯ ಬಳಿ ಕಳಿಸಿದರು. ಬಾಯಿ ಎಕ್ಸ್‌ರೇ ನೋಡಿ ಚೆನ್ನಾಗಿದೆ ಎಂದರು. ಚೆನ್ನಾಗಿದೆ ಎಂದವರು ಹಿಂದೆಯೇ, ಎರಡೂ ಸೊಂಟದ ಕೀಲುಗಳದ್ದು ಎಮ್ಆರ್‌ಐ ಮಾಡಿಸಿ ಎಂದರು.

ಮಾಮ ನನಗೆ ಫೋನು ಹಚ್ಚಿದ. “ನೀ ಭಾಷಣದಾಗ ಕಪ್ಪು ಗೆದ್ದಾಕಿ, ವಕೀಲಕಿ ಓದಾಕಿ. ಆ ಬಾಯಿ ಮುಂದ ನನ್ನ ನಾಲಿಗಿ ಏಳಂಗಿಲ್ಲ. ನೀ ಬಂದು ಮಾತಾಡವಾ.”

ನಾನಿದ್ದ ನಿಗಡಿಯಿಂದ ಬಸ್ಸು ಹಿಡಿದು ಹೋದೆ. ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದ ಮೊದಲ ಪಾಠ: ಎದುರಾಳಿಯ ಊಹೆಯನ್ನು ಹಿಡಿ. ಕೂತವಳೇ ಹೇಳಿದೆ, “ಡಾಕ್ಟರ್, ಇವರಿಗೆ ನೋವಿಲ್ಲ. ಕುಂಟುವುದಿಲ್ಲ. ಎಕ್ಸ್‌ರೇ ಸರಿಯಿದೆ ಎಂದು ನೀವೇ ಹೇಳಿದಿರಿ. ಇಲ್ಲದ ರೋಗವನ್ನು ಹುಡುಕಲು ಹೋದರೆ ಸಿಗುವುದು ರೋಗವಲ್ಲ, ಹೆದರಿಕೆ.”

ಮಾಮನಿಗೆ ಧೈರ್ಯ ಬಂತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈಯೂರದೆ ಎದ್ದು ನಿಂತು ತೋರಿಸಿದ. “ನೋಡ್ರಿ!”

“ಭಾಳ ಚಲೋ,” ಎಂದರು ಬಾಯಿ. “ನಾ ಏನು ಕೂಡಂತ ಹೇಳಿದ್ನೇನು? ಕೂಡ್ಲಾಕ ಬರಲಾರದವರು ತಾವೇ ಬರ್ತಾರ, ಅವರಿಗೆ ಯಾರೂ ಹೇಳೋದು ಬ್ಯಾಡ. ನಾ ಹುಡುಕ್ಲತ್ತಿದ್ದು ಕೂಡ್ಲಾಕ ಬರೋರನ್ನೇ.” ಆಮೇಲೆ ನನ್ನ ಕಡೆ ತಿರುಗಿ, “ವಕೀಲ್‌ಸಾಹೇಬ್ರ, ತೊಡಿ ಎಲುಬಿನ ತುದಿಗೆ ಒಂದು ಚಂಡು ಇರ್ತದ. ಅದಕ್ಕ ರಕ್ತ ಬರೋದು ಸಣ್ಣ ಸಣ್ಣ ನರದಾಗಿಂದ. ಈ ಗುಳಿಗಿ ಕೆಲವರಿಗೆ ಆ ದಾರಿ ಕಟ್ಟಿಹಾಕ್ತದ. ಚಂಡು ಒಳಗಿಂದ ಸೊರಗತದ, ಹೊರಗಿನ ಆಕಾರ ಹಂಗೇ ಇರ್ತದ. ಎಕ್ಸ್‌ರೇ ಆಕಾರ ನೋಡ್ತದ. ಆಕಾರ ಕೆಟ್ಟ ಮ್ಯಾಲ ಎಕ್ಸ್‌ರೇದಾಗ ನಿಮಗೂ ಕಾಣ್ತದ, ನನಗೂ ಕಾಣ್ತದ, ಹೊರಗಿನ ಚಹಾದಂವಗೂ ಕಾಣ್ತದ. ಆವಾಗ ಮಾಡಾಕ ಉಳಿಯೋದು ಕೀಲು ಬದಲಿ, ಅಷ್ಟೇ.”

ಮಾಮನ ಮುಖದಲ್ಲಿ ವ್ಯಾಪಾರಿ ಎದ್ದ. “ಅಂದ್ರ ಬೆಲ್ಲದ ಪೆಂಟಿ ಇದ್ದಂಗ ಅನ್ರಿ. ಮ್ಯಾಲೆ ಬಂಗಾರ, ಒಡದ್ರ ಒಳಗ ಪಾಕ.”

ನನ್ನ ಕಕ್ಷಿದಾರನೇ ಎದುರು ಪಾರ್ಟಿಗೆ ಹೋಗಿಬಿಟ್ಟಿದ್ದ. ನಾನು ಬಿಡಲಿಲ್ಲ. “ಹೋಲಿಕೆ ಪುರಾವೆ ಆಗುವುದಿಲ್ಲ. ಎಲ್ಲ ಪೆಂಟಿಯನ್ನೂ ಒಡೆದು ನೋಡುತ್ತ ಹೋದರೆ ಮಾರಲು ಪೆಂಟಿ ಉಳಿಯುವುದಿಲ್ಲ.”

ಬಾಯಿ ಶೇಂಗಾದ ಡಬ್ಬಿಯನ್ನು ನನ್ನ ಮುಂದೆ ಸರಿಸಿದರು. “ಬಂದಾಗಿಂದ ಇದೊಂದು ಮಾತು ಖರೇ ಹೇಳ್ದಿ.”

ಆಮೇಲೆ ಅವರು ಹೇಳಿದ್ದನ್ನು ಯಾವ ಚರ್ಚಾಪಟುವೂ ಹೇಳುತ್ತಿರಲಿಲ್ಲ. ಎದುರಿಗಿದ್ದವರನ್ನು ಒಪ್ಪಿಸಬೇಕಾದ ಹೊತ್ತಿನಲ್ಲಿ ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ ಕರೆದರು. ಇಂದಾಪುರದ ಕಡೆಯ ಒಬ್ಬ ಸರಕಾರಿ ಎಸ್‌ಟಿ ಬಸ್ ಡ್ರೈವರ್. ಅವನೂ ಸ್ಟೀರಾಯ್ಡ್ ತಿಂದವನು, ಅವನಿಗೂ ನೋವಿರಲಿಲ್ಲ. ಎಮ್ಆರ್‌ಐಯಲ್ಲಿ ಚೆಂಡಿನ ಒಂದು ಮೂಲೆಯಲ್ಲಿ ಸಣ್ಣ ಕಲೆ. ಇವರು ಗಡಿಬಿಡಿಯಲ್ಲಿ, “ಎಲುಬಿನ ತುದಿ ಸಾಯ್ಲತ್ತದ, ನೋಡ್ಕೋ” ಎಂದು ಕಳಿಸಿದರು. ಅವನು ಬಸ್ಸು ಬಿಟ್ಟ. ಹೊಲಕ್ಕೆ ಹೋಗುವುದನ್ನು ಬಿಟ್ಟ. ಕಾಲು ನೆಲಕ್ಕಿಟ್ಟರೆ ಮುರಿಯುತ್ತದೆಂದು ಹಾಸಿಗೆ ಹಿಡಿದ. ಬಹಳ ದಿನಗಳ ಮೇಲೆ ಅವನ ಹೆಂಡತಿ ಟೆಂಪೋದಲ್ಲಿ ಮಲಗಿಸಿಕೊಂಡು ತಂದಳು. ಮತ್ತೆ ತೆಗೆಸಿದ ಚಿತ್ರದಲ್ಲಿ ಕಲೆ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

“ಎಲುಬು ಗಟ್ಟಿ ಇತ್ತು. ಮನುಷ್ಯಾನೇ ಕುಸಿದಿದ್ದ,” ಎಂದರು. “ಅದು ಎಮ್ಆರ್‌ಐ ಮಾಡಿದ್ದಲ್ಲ. ನನ್ನ ನಾಲಿಗಿ ಮಾಡಿದ್ದು.”

“ಅಂದಮೇಲೂ ಯಾಕೆ ಮಾಡಿಸುತ್ತೀರಿ?”

“ಒಬ್ಬಂವಗ ತಪ್ಪು ಹೇಳಿದ್ನಿ ಅಂತ ಉಳಿದವರಿಗೆ ಬಾಯಿ ಮುಚ್ಚಿಕೊಂಡು ಕೂಡಬೇಕೇನು? ಸರಿಯಾಗಿ ಹೇಳೋದು ಕಲೀಬೇಕು.”

ಹೊರಗಿನ ಬೆಂಚಿನ ಮೇಲೆ ಯಾದಗಿರಿ ಕಡೆಯ ಒಬ್ಬ ಟೈಲ್ಸ್ ಕೆಲಸದವನು ಒಂದು ಕಾಲು ಉದ್ದಕ್ಕೆ ಚಾಚಿ ಕೂತಿದ್ದ. ನನಗಿಂತ ಸಣ್ಣವನಿರಬೇಕು. ಬೆನ್ನುನೋವಿಗೆಂದು ಯಾರೋ ಕೊಟ್ಟ, ಸ್ಟೀರಾಯ್ಡ್ ಬೆರೆಸಿದ ಹೆಸರಿಲ್ಲದ ಪುಡಿಯನ್ನು ವರ್ಷಗಟ್ಟಲೆ ತಿಂದು, ಎರಡೂ ಕೀಲು ಕುಸಿದ ಮೇಲೆ ಬಂದಿದ್ದ. ನಾವು ಏಳುವಾಗ ಮಾಮ ಕಿಟಕಿಯಿಂದ ಅವನ ಕಡೆ ನೋಡಿ, “ಇಂವಗ ಏನಾಗ್ಯದ್ರಿ?” ಎಂದು ಕೇಳಿದ. ಅವರ ವಾದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇರಲಿಲ್ಲ. ನಾನಾಗಿದ್ದರೆ ತೋರಿಸಿಯೇ ತೋರಿಸುತ್ತಿದ್ದೆ. ಅವರು ಮಾತ್ರ, “ಅದು ಅವನ ವಿಷಯ. ನೀವು ನಿಮ್ಮದು ವಿಚಾರ ಮಾಡ್ರಿ” ಎಂದು ಬಾಗಿಲು ತೆರೆದರು. ಅವನ ಕಥೆ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವನ ಬಾಯಿಂದಲೇ, ಇದೇ ಸಂತಾಪ ಸಭೆಯ ಹೊರಗೆ.

ಮಾಮ ಎಮ್ಆರ್‌ಐಗೆ ಒಪ್ಪಿದ. ಅದನ್ನು ಹೇಳಲು ಮತ್ತೆ ಹೋದಾಗ ಜೊತೆಗೆ ಬಂದ ಅತ್ತೆ ಹಟ ಹಿಡಿದಳು, ತನಗೂ ಒಂದು ಆಗಲಿ ಎಂದು. ಗಂಡನಿಗೆ ಏನು ಮಾಡಿಸಿದರೂ ತನಗೂ ಮಾಡಿಸಬೇಕೆಂಬುದು ಅವಳ ಪದ್ಧತಿ. ಕನ್ನಡಕವೂ ಹಾಗೇ ಬಂದದ್ದು.

“ನೀವು ಸ್ಟೀರಾಯ್ಡ್ ತಿಂದೀರೇನು?” ಎಂದರು ಬಾಯಿ.

“ಇಲ್ರಿ.”

“ಪುಡಿ? ಇಂಜೆಕ್ಷನ್? ದಾರೂ?”

“ಅಯ್ಯ ಶಿವನ, ದಾರೂ!”

“ಅಂದ ಮ್ಯಾಲ ನಿಮಗ್ಯಾಕ? ಮನಿಗೆ ಹೋಗ್ರಿ.”

“ಯಾಕ್ರಿ, ನನ್ನ ಸೊಂಟ ಸೊಂಟಲ್ಲೇನು?” ಎಂದು ಅತ್ತೆ ಕಣ್ಣಲ್ಲಿ ನೀರು ತಂದುಕೊಂಡಳು. ಬಾಯಿ ಕರಗಲಿಲ್ಲ. ಸಂಶಯಕ್ಕೆ ಕಾರಣವಿರುವವರನ್ನು ಮಾತ್ರ ಹುಡುಕಬೇಕು, ಊರೆಲ್ಲ ಹುಡುಕುತ್ತ ಹೋದರೆ ಡ್ರೈವರ್‌ನಂಥವರೇ ಹುಟ್ಟುತ್ತಾರೆ ಎಂದು ಅವಳಿಗೆ ಹೇಳುತ್ತ, ನೋಡುತ್ತಿದ್ದದ್ದು ನನ್ನನ್ನು. ನಾನು ಶೇಂಗಾ ತಿನ್ನುತ್ತಿದ್ದೆ.

ಫಲಿತಾಂಶ ಬಂತು. ಬಲಗಡೆ ಏನೂ ಇಲ್ಲ. ಎಡಗಡೆಯ ಚೆಂಡಿನಲ್ಲಿ ಕಲೆ ಇತ್ತು. ಡ್ರೈವರ್‌ನದಕ್ಕಿಂತ ದೊಡ್ಡದು, ಅದೂ ಮೈಭಾರ ಬೀಳುವ ಜಾಗದಲ್ಲಿ. ಬಾಯಿ ನಿಧಾನವಾಗಿ ವಿವರಿಸಿದರು. ಮುಗಿಸಿ, “ಈಗ ನಾನೇ ನಿಮ್ಮ ಹೆಂಡತಿ ಅಂತ ತಿಳೀರಿ. ಮನಿಗೆ ಹೋಗಿ ಏನು ಹೇಳ್ತೀರಿ? ಹೇಳ್ರಿ” ಎಂದರು.

ಮಾಮ ನಾಚಿದ. “ಎಡಗಾಲು ಹೋತು ಅಂತೀನ್ರಿ.”

“ತಪ್ಪು. ಮತ್ತ ಹೇಳ್ರಿ.”

“ಎಲುಬು ಸತ್ತದ...”

“ಸತ್ತಿಲ್ಲ, ಉಪವಾಸ ಬಿದ್ದದ. ಮತ್ತ.”

ಶಾಲೆಯ ಹುಡುಗನ ಹಾಗೆ ಮತ್ತೆ ಮತ್ತೆ ಹೇಳಿಸಿದರು. ಹೊರಗೆ ಜನ ಕಾಯುತ್ತಿದ್ದರು; ಯಾರೋ ಬಾಗಿಲು ಬಡಿದರೆ ಮರಾಠಿಯಲ್ಲಿ ಗದರಿದರು. ಕೊನೆಗೆ ಮಾಮ ಕಣ್ಣು ಮುಚ್ಚಿಕೊಂಡು ಒಪ್ಪಿಸಿದ: “ಎಡಗಾಲಿನ ಚಂಡಿನಾಗ ಒಂದು ಜಾಗಾಕ್ಕ ರಕ್ತ ಸಾಲವಲ್ದು. ಚಂಡು ಇನ್ನ ದುಂಡಗ ಅದ. ನಾ ಅಡ್ಡಾಡಬಹುದು. ಗಾದಿ ಮ್ಯಾಲ ಕೂಡಬಹುದು, ಆದ್ರ ನಡುನಡುವ ಏಳಬೇಕು. ಪೆಂಟಿ ಎತ್ತಬಾರದು, ಜಿಗೀಬಾರದು. ಲಗೂನ ಒಂದು ಸಣ್ಣ ಆಪರೇಶನ್ ಮಾಡಿಸಿದ್ರ ಚಂಡು ಉಳಿಬಹುದು, ಉಳೀಲಾರದೆನೂ ಇರಬಹುದು.”

“ಈ ‘ಇರಬಹುದು’ ಅನ್ನೋದರ ಮೇಲೆ ಎಲುಬಿಗೆ ರಂಧ್ರ ಕೊರೆಸಿಕೊಳ್ಳಬೇಕೆ?” ಎಂದೆ ನಾನು. ಒಳಗಿನ ಒತ್ತಡ ಇಳಿಯಲಿ, ಹೊಸ ರಕ್ತ ಬರಲಿ ಎಂದು ಚೆಂಡಿನ ತನಕ ಸಣ್ಣ ದಾರಿ ಕೊರೆಯುವ ಆಪರೇಶನ್ ಅದು. “ಗ್ಯಾರಂಟಿ ಏನು?”

“ಗ್ಯಾರಂಟಿ ಬೇಕಾದ್ರ ಮಿಕ್ಸರ್ ತಗೋ. ನನ್ನ ಹತ್ರ ಇಲ್ಲ. ಕಲೆ ಸಣ್ಣದಿದ್ರ ನಾನೇ ಬ್ಯಾಡ, ಕಾದು ನೋಡೋಣಂತಿದ್ನಿ. ಇದು ಕಾಯೋ ಜಾಗದಾಗಿಲ್ಲ.”

ಮಾಮ ಹೂಂ ಎಂದ. ಮನೆಗೆ ಹೋಗಿ ಅತ್ತೆಯ ಮುಂದೆ ಒಂದಕ್ಷರ ಬಿಡದೆ ಒಪ್ಪಿಸಿದ. ಆದರೆ ಆಪರೇಶನ್‌ಗೆ ಹೋಗಲಿಲ್ಲ. ದೀಪಾವಳಿ ಮುಗಿದು ಯಾರ್ಡಿಗೆ ಹೊಸ ಬೆಲ್ಲ ಬರಲಾರಂಭಿಸಿತ್ತು. ಆಪರೇಶನ್ ಆದರೆ ಕೆಲವು ವಾರ ಊರುಗೋಲು. ಊರುಗೋಲು ಎಂದರೆ ಕುರ್ಚಿ. ಹಂಗಾಮಿನ ನಡುವೆ ಕುರ್ಚಿ ಎಂದರೆ ರೈತರು ಗಾಡಿಯನ್ನು ಮುಂದಿನ ಅಂಗಡಿಗೆ ಹೊಡೆಯುತ್ತಾರೆ. “ಸಂಕ್ರಾಂತಿ ಆಗ್ಲಿ,” ಎಂದ. “ಚಂಡು ದುಂಡಗ ಅದ ಅಂತ ಆಕೀನೇ ಹೇಳ್ಯಾಳಲ್ಲ?” ಅವರು ಹೆದರಿಸದೆ ಹೇಳಿದ್ದನ್ನೇ ಅವನು ಪುರಸತ್ತು ಎಂದು ಓದಿಕೊಂಡಿದ್ದ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ, ಕಾಲೇಜಿಗೆ ರಜೆಯಿತ್ತು, ನಾನು ಅಂಗಡಿಯಲ್ಲೇ ಇದ್ದೆ. ಹಮಾಲರ ಗದ್ದಲ, ನೊಣ, ಪಾಕದ ವಾಸನೆ. ಆ ಗದ್ದಲದ ನಡುವೆ ಓಟಗಾರರ ಬೂಟುಗಳೆರಡು ಬಂದು ಅಂಗಡಿಯ ಮುಂದೆ ನಿಂತವು. ಬಾಯಿ ಬೂಟು ಬಿಚ್ಚಿ, ಯಾರ ಅಪ್ಪಣೆಯನ್ನೂ ಕೇಳದೆ ಗಾದಿಯ ಅಂಚಿಗೆ ಕೂತರು.

“ಸಾವ್ಕಾರ್ರ, ಬೆಲ್ಲ ತೋರಸ್ರಿ. ಹೋಳಿಗಿಗೆ ಬೇಕು.”

ಆಚೆ ಈಚೆ ಗಾದಿಯವರು ಕಿವಿ ನೆಟ್ಟಗೆ ಮಾಡಿದರು. ಸೊಂಟದ ಮಾತನ್ನು, ಆಪರೇಶನ್ ಮಾತನ್ನು ಬಾಯಿ ಎತ್ತಲೇ ಇಲ್ಲ. ಬೆಲ್ಲ ಚೀಪಿ ನೋಡಿದರು, ಉಪ್ಪು ಎಂದರು, ದರಕ್ಕೆ ಜಗಳ ತೆಗೆದರು. ಮಾಮ ಕೂತಲ್ಲೇ ನಗುತ್ತಿದ್ದ. ಕೂತಲ್ಲೇ, ಅದೇ ವಿಷಯ. ಹಿರಿಯರು ಯಾರೇ ಬರಲಿ, ಎದ್ದು ನಿಂತು ಬರ್ರಿ ಅನ್ನದೆ ಅವನು ಕೂತವನಲ್ಲ. ಬಾಯಿ ಚಹಾ ಮುಗಿಸಿ ಕಪ್ಪು ಕೆಳಗಿಟ್ಟು, “ಗೇಟಿನ ತನಕ ಕಳಸಾಕ ಬರ್ತೀರೋ, ಇಲ್ಲಿಂದಲೇ ಹೋಗಂತೀರೋ?” ಎಂದರು.

ಮನೆಗೆ ಬಂದವರನ್ನು, ಅಂಗಡಿಗೆ ಬಂದವರನ್ನು ದಾರಿಯ ತನಕ ಕಳಿಸದಿರುವುದು ನಮ್ಮಲ್ಲಿ ಮುಖಕ್ಕೆ ಉಗುಳಿದ ಹಾಗೆ. ಮಾಮ ಏಳಬೇಕಾಯಿತು. ಗಾದಿಗೆ ಎರಡೂ ಕೈ ಊರಿ ಎದ್ದ. ಮೊದಲ ಹೆಜ್ಜೆಗೆ ಎಡಗಡೆಯ ತೊಡೆಸಂದಿಯಲ್ಲಿ ಏನೋ ಹಿಡಿದಂತಾಗಿ ಅವನ ತುಟಿ ಬಿಗಿಯಿತು. ಬೆಲ್ಲದ ರಾಶಿಯನ್ನು ಪರೀಕ್ಷಿಸುವವನ ಹಾಗೆ ಒಂದು ಪೆಂಟಿಯ ಮೇಲೆ ಕೈಯಿಟ್ಟು ನಿಂತ. ಬಾಯಿ ಅವನ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿ, ಹಣಮಂತದೇವರ ಗುಡಿಯ ಬಗ್ಗೆ, ಈ ಸಲದ ಥಂಡಿಯ ಬಗ್ಗೆ ಹರಟುತ್ತ ನಡೆದರು, ಹಿಂದೆ ನಾನು. ಗೇಟಿನ ಹೊರಗೆ, ಲಾರಿಗಳ ಮರೆಯಲ್ಲಿ ನಿಂತು, ಮೆತ್ತಗೆ ಕೇಳಿದರು.

“ಯಾವಾಗಿಂದ?”

“ನಾಗರಪಂಚಮಿಗೆ ಏನೂ ಇದ್ದಿಲ್ರಿ...”

“ಅದನ್ನ ಕೇಳಲಿಲ್ಲ ನಾ.”

“ದೀಪಾವಳಿ ಮಾರನೇ ವಾರದಿಂದ,” ಎಂದ ಮಾಮ. ಆಮೇಲೆ ನಾನು ಅವನಿಂದ ಎಂದೂ ಕೇಳಿರದ ದನಿಯಲ್ಲಿ, “ಚಂಡು ಹೋತೇನ್ರಿ?”

“ಗೊತ್ತಿಲ್ಲ. ನಡ್ರಿ, ನೋಡೂಣು.”

ನನ್ನ ಹತ್ತಿರ ಆ ಹೊತ್ತಿಗೆ ಒಂದು ಒಳ್ಳೆಯ ಪ್ರಶ್ನೆಯಿತ್ತು: ಒಪ್ಪದ ರೋಗಿಯ ಬೆನ್ನು ಹತ್ತಿ ಅವನ ಅಂಗಡಿಗೇ ಬರುವ ಹಕ್ಕು ಡಾಕ್ಟರಿಗೆ ಎಲ್ಲಿಂದ ಬಂತು? ಈಗಲೂ ಅದು ಒಳ್ಳೆಯ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ. ರಿಕ್ಷಾದಲ್ಲಿ ನಾನು ಅದನ್ನು ಕೇಳಲಿಲ್ಲ. ಅವರೇ ಹೊರಗೆ ನೋಡುತ್ತ, “ಬರಬಾರದಿತ್ತು ನಾ. ಆದ್ರ ಹೆದರಸಬಾರದಂತ ಹೇಳಿದ್ದು ಜಾಸ್ತಿ ಮೆತ್ತಗಾತೇನೋ ಅಂತ ನಿದ್ದಿ ಬರಲಿಲ್ಲ” ಎಂದರು.

ಆಸ್ಪತ್ರೆಯಲ್ಲಿ ಹೊಸ ಎಕ್ಸ್‌ರೇ ತೆಗೆಸಿ, ಹಲಗೆಯ ಬೆಳಕಿಗೆ ಅವರು ಅದನ್ನು ಹಿಡಿದು ನೋಡಿದಷ್ಟು ಹೊತ್ತು, ಸುದ್ದಿ ಕೇಳಿ ಬಂದಿದ್ದ ಅತ್ತೆ ನನ್ನ ಮುಂಗೈಯನ್ನು ಬಿಡಲಿಲ್ಲ. ಕಲೆಯ ಅಂಚು ಈಗ ಎಕ್ಸ್‌ರೇಯಲ್ಲೇ ಮಸುಕಾಗಿ ಕಾಣುತ್ತಿತ್ತು. ಚೆಂಡು ಮಾತ್ರ ಇನ್ನೂ ದುಂಡಗಿತ್ತು. “ಚಂಡು ಅದ,” ಎಂದರು ಬಾಯಿ. ಮಾಮ ಸಂಕ್ರಾಂತಿಯ ಮಾತೆತ್ತಲಿಲ್ಲ.

ಆಪರೇಶನ್ ಮಾಡಿದವರು ಅವರ ಹಳೆಯ ಶಿಷ್ಯ. ಬಾಯಿ ಪಕ್ಕದಲ್ಲಿ ನಿಂತಿದ್ದರಂತೆ. ಮಾಮ ಆ ಹಂಗಾಮನ್ನು ಕುರ್ಚಿಯ ಮೇಲೆಯೇ ಕಳೆದ. ಯಾರ್ಡಿನಲ್ಲಿ ಮಾತುಗಳು ಹುಟ್ಟಿದವು. ಕೆಲವು ರೈತರು ಹೋದರು, ಕೆಲವರು ಉಳಿದರು. ಅತ್ತೆ ಅಂಗಡಿಗೆ ಬಂದು ಗಾದಿಯ ಮೇಲೆ ತಾನು ಕೂತಳು. ಸೌದಾದಲ್ಲಿ ಅವಳು ಗಂಡನಿಗಿಂತ ಬಿಗಿ ಎಂದು ಯಾರ್ಡು ಕಂಡುಕೊಂಡಿತು.

ಮರುವರ್ಷ ಮಳೆಗಾಲ ಕಳೆದ ಮೇಲೆ ಮತ್ತೆ ಎಮ್ಆರ್‌ಐ ಆಯಿತು. ಬಲಗಡೆ ಈಗಲೂ ಏನಿಲ್ಲ. ಎಡಗಡೆಯ ಕಲೆ ಬೆಳೆದಿರಲಿಲ್ಲ, ಚೆಂಡು ದುಂಡಗಿತ್ತು. ಮಾಮ ಪೇಡೆಯ ಡಬ್ಬಿ ಹಿಡಿದುಕೊಂಡೇ ಬಂದಿದ್ದ. ನಾನು ಬಂದದ್ದು ಬಾಯಿಯನ್ನು ಒಂದು ಮಾತು ಕೇಳಲು.

“ಏನೂ ಮಾಡದಿದ್ದರೂ ಹೀಗೇ ಇರಬಹುದಿತ್ತಲ್ಲವೆ? ನಿಮ್ಮ ಡ್ರೈವರ್‌ನದು ಇತ್ತಲ್ಲ?”

“ಇರಬಹುದಿತ್ತು.”

“ಅಂದರೆ ನೀವು ಗೆದ್ದಿರಿ ಎಂದು ನಾನು ಒಪ್ಪಬೇಕಾಗಿಲ್ಲ.”

“ಒಪ್ಪಬ್ಯಾಡ,” ಎಂದರು ಪೇಡೆ ಬಾಯಿಗಿಟ್ಟು. “ಒಬ್ಬ ಮನುಷ್ಯಾನ ಒಂದು ಸೊಂಟದಿಂದ ಏನೂ ಸಾಬೀತ ಆಗಂಗಿಲ್ಲ. ನಾಳೆ ಕುಸಿದ್ರೂ ನಾ ಸೋತೆ ಅಂತ ಅಲ್ಲ. ಆದ್ರ ಒಂದು ಕೇಳ್ತೀನಿ. ನಿಂಗೇ ಆ ಗುಳಿಗಿ ತಿನ್ನೋ ಪರಿಸ್ಥಿತಿ ಬಂದಿದ್ರ, ನೋಡಿಸ್ತಿದ್ದಿಯೋ ಇಲ್ಲೋ?”

“ಅದು ವಾದವಲ್ಲ, ಭಾವನೆಗೆ ಕೈ ಹಾಕುವುದು.”

“ಉತ್ತರ ಹೇಳು.”

“ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಿದ್ದೇನೆ.”

“ಅರೆ ದೇವಾ,” ಎಂದು ಮಾಮ ಎದ್ದ. “ನಿಮ್ಮಿಬ್ಬರದು ಇವತ್ತು ಮುಗಿಯೋ ಪೈಕಿ ಅಲ್ಲ. ಗಾಡಿ ಬಂದು ನಿಂತಾವ, ನಾ ನಡೀತೀನಿ.”

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ನಾನು ಮುಂದಿನ ವಾಕ್ಯಕ್ಕೆ ಬಾಯಿ ತೆರೆದಿದ್ದೆ, ಅವರೂ ತೆರೆದಿದ್ದರು. ಹೊರಗೆ ಓಣಿಯ ಅಡ್ಡಕ್ಕೆ ಯಾರೋ ಕೈಗಾಡಿ ನಿಲ್ಲಿಸಿದ್ದರು. ಪಕ್ಕದಲ್ಲಿ ಚರಂಡಿ ತೆರೆದಿತ್ತು, ಮುಂದೆ ಹೋಗಬೇಕೆಂದರೆ ಅದನ್ನು ಜಿಗಿಯಬೇಕು. ಮಾಮ ಅದರ ದಂಡೆಯಲ್ಲಿ ಒಂದು ಕ್ಷಣ ನಿಂತ. ಬಾಯಿ ಕುರ್ಚಿಯಿಂದ ಎದ್ದು ಕಿಟಕಿಗೆ ಬಂದರು, ನಾನೂ ಬಂದೆ. ಇಬ್ಬರೂ ಮಾತು ಬಿಟ್ಟು ಅವನ ಎಡಗಾಲನ್ನೇ ನೋಡುತ್ತಿದ್ದೆವು.